ಕೆರೆ ಬತ್ತುವ ಮುನ್ನ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮೀನು, ಹಿಂಡಿ ಮತ್ತು ಜೀರ್ಣಕಿಣ್ವಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರುತ್ತವೆ. ಇಲ್ಲಿನ ವಾರ್ಷಿಕ ಸರಾಸರಿ ಮಳೆ ೫೦೦ ಮಿಲಿಮೀಟರಿನ ಆಸುಪಾಸಿನದು. ಆಂಧ್ರಪ್ರದೇಶದ ರಾಯದುರ್ಗ, ಕಲ್ಯಾಣದುರ್ಗಗಳ ಗಡಿಗೆ ಹೊಂದಿಕೊಂಡಿರುವ ಈ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಮನೆಮಾತುಗಳಾಗಿವೆ. ಜಾನಪದ ಸಂಶೋಧಕರಿಗೆ ಈ ನೆಲ ಅಪರಿಚಿತವಲ್ಲ. ಮ್ಯಾಸಬೇಡರ ಬುಡಕಟ್ಟು ಜೀವನ, ಅವರ ದೇವರ ಎತ್ತುಗಳು, ಅವುಗಳನ್ನು ಕಾಯುವ ಕಿಲಾರಿಗಳು, ಕಾಡುಗೊಲ್ಲರ ಹಟ್ಟಿಗಳು, ಅವರ ಪದಗಳು ಇವೆಲ್ಲವೂ ವಿಸ್ತೃತ ಅಧ್ಯಯನಕ್ಕೆ ಒಳಗಾಗಿವೆ. ಆದರೆ ಪಶುಪಾಲನೆಯ ಮೇಲೆ ಹರಿದಷ್ಟು ಗಮನ ಇಲ್ಲಿನ ಕೆರೆಗಳ ಮೀನಿನ ಮೇಲೆ ಹರಿದಿಲ್ಲ. ಒಣಭೂಮಿಯಲ್ಲಿ ಮೀನಿಗೇನು ಕೆಲಸವೆಂಬ ಸಾಮಾನ್ಯ ಭಾವನೆಯೇ ಇದಕ್ಕೆ ಕಾರಣವಿರಬಹುದು.

ವಾಸ್ತವದಲ್ಲಿ ಮೀನಿನ ದೇಹದೊಳಗೆ ನಡೆಯುವ ಒಂದು ಕ್ರಿಯೆಯ ಮಹತ್ವ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರುವುದು ಇಂತಹ ಒಣಸೀಮೆಯಲ್ಲಿಯೇ. ಆ ಕ್ರಿಯೆ ಸಸಾರಜನಕದ ಜೀರ್ಣಕ್ರಿಯೆ, ಅಂದರೆ ತಿಂದ ಆಹಾರದ ಪ್ರೋಟೀನು ಒಡೆದು ಮೀನಿನ ಮಾಂಸವಾಗಿ ಮರುಹುಟ್ಟುವ ಕ್ರಮ. ವರ್ಷವಿಡೀ ನೀರಿರುವ ಜಲಾಶಯದಲ್ಲಿ ಮೀನು ನಿಧಾನವಾಗಿ ಬೆಳೆದರೂ ನಡೆಯುತ್ತದೆ. ಆರೆಂಟು ತಿಂಗಳಲ್ಲಿ ಬತ್ತುವ ಕೆರೆಯಲ್ಲಿ ಹಾಗಲ್ಲ. ಕೆರೆ ಬತ್ತುವ ಮುನ್ನ ಹಿಂಡಿಯು ಮೀನಾಗಬೇಕು. ಈ ಲೇಖನವು ಮೀನಿನ ಜೀರ್ಣಕಿಣ್ವಗಳ ಕಾರ್ಯವನ್ನು ಈ ಸೀಮೆಯ ಕೆರೆ, ಎಣ್ಣೆಗಾಣ, ರೇಷ್ಮೆ ಮತ್ತು ಗಾಳಗಳ ಹಿನ್ನೆಲೆಯಲ್ಲಿ ವಿವರಿಸುತ್ತದೆ. ಜನಪದರ ಮೀನುಜ್ಞಾನವನ್ನು ಅರ್ಥೈಸಲು ಮೀನಿನ ಕರುಳಿನ ವಿಜ್ಞಾನ ಹೇಗೆ ನೆರವಾಗುತ್ತದೆ ಎಂಬುದನ್ನು ತೋರಿಸುವುದು ಇದರ ಉದ್ದೇಶ.

೧. ಕೆರೆಯ ಕಾಲ

ಈ ಸೀಮೆಯ ಮುಖ್ಯ ನದಿ ವೇದಾವತಿ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ೧೮೯೭ರಿಂದ ೧೯೦೭ರವರೆಗೆ ಕಟ್ಟಲಾದ ವಾಣಿವಿಲಾಸ ಸಾಗರದಿಂದ ಮುಂದೆ ಈ ನದಿ ಚಳ್ಳಕೆರೆ ತಾಲ್ಲೂಕನ್ನು ಹಾದು, ಆಂಧ್ರವನ್ನು ಪ್ರವೇಶಿಸಿ, ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುತ್ತದೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಚಿನ್ನಹಗರಿ ಹರಿಯುತ್ತದೆ. ರಂಗಯ್ಯನದುರ್ಗದ ಜಲಾಶಯ ಅದರ ನೀರನ್ನು ತಡೆದು ನಿಲ್ಲಿಸುತ್ತದೆ. ವಾಣಿವಿಲಾಸ ಸಾಗರವು ೧೯೩೩ರಲ್ಲಿ ಕೋಡಿಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು ೨೦೨೨ರಲ್ಲಿ, ಅಂದರೆ ೮೯ ವರ್ಷಗಳ ನಂತರ. ಮೂರನೆಯ ಬಾರಿಗೆ ೨೦೨೫ರ ಜನವರಿಯಲ್ಲಿ ಕೋಡಿಬಿದ್ದಿತು. ನೀರಿನ ಅನಿಶ್ಚಿತತೆ ಇಲ್ಲಿ ಎಷ್ಟು ಆಳವಾದುದು ಎಂಬುದಕ್ಕೆ ಈ ಮೂರು ವರ್ಷಗಳ ಲೆಕ್ಕವೇ ಸಾಕ್ಷಿ.

ನದಿಗಿಂತಲೂ ಇಲ್ಲಿನ ಜನರ ಬದುಕು ನಿಂತಿರುವುದು ಕೆರೆಗಳ ಮೇಲೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ಇಂದಿಗೂ ಕೆರೆಗಳನ್ನು ಕಟ್ಟಿಸಿದ ಸಂತರೆಂದು ನೆನೆಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಕೆರೆಯ ಮಣ್ಣು ಹೊತ್ತವರ ಕೂಲಿಯ ಪ್ರಸಂಗದೊಡನೆಯೇ ಜನರ ನಾಲಿಗೆಯ ಮೇಲಿದೆ. ಈ ಕೆರೆಗಳು ಸಾಮಾನ್ಯವಾಗಿ ಉತ್ತರೆ, ಹಸ್ತ, ಚಿತ್ತೆ ಮಳೆಗಳಿಗೆ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಅಂತ್ಯದೊಳಗೆ ತುಂಬುತ್ತವೆ. ತುಂಬದ ವರ್ಷಗಳೂ ಉಂಟು. ತುಂಬಿದರೂ ಬೇಸಿಗೆಯ ಹೊತ್ತಿಗೆ ಬಹುಪಾಲು ಬರಿದಾಗುತ್ತವೆ. ಇಂತಹ ಕೆರೆಗಳನ್ನು ಮೀನುಗಾರಿಕಾ ಶಾಸ್ತ್ರವು ಋತುಕಾಲಿಕ ಕೆರೆಗಳೆಂದು ಕರೆಯುತ್ತದೆ.

ಈ ಕಾಲಚಕ್ರದಲ್ಲಿ ಮೀನಿನ ಜೀರ್ಣಶಕ್ತಿಗೆ ಸಂಬಂಧಿಸಿದ ಒಂದು ತೊಡಕಿದೆ. ಮೀನು ಶೀತರಕ್ತ ಪ್ರಾಣಿ. ಅದರ ಮೈಯ ಉಷ್ಣತೆ ನೀರಿನ ಉಷ್ಣತೆಯನ್ನೇ ಅನುಸರಿಸುತ್ತದೆ. ಕಿಣ್ವಗಳ ವೇಗವು ಉಷ್ಣತೆಯನ್ನು ಅವಲಂಬಿಸಿದ್ದು, ಒಂದು ಮಿತಿಯೊಳಗೆ, ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಗೆಂಡೆ ಜಾತಿಯ ಮೀನುಗಳು ಚೆನ್ನಾಗಿ ತಿಂದು ಅರಗಿಸಿಕೊಳ್ಳುವುದು ೨೫ರಿಂದ ೩೦ ಡಿಗ್ರಿಯ ನೀರಿನಲ್ಲಿ. ಕೆರೆಯಲ್ಲಿ ನೀರು ತುಂಬಿರುವ ನವೆಂಬರ್, ಡಿಸೆಂಬರ್, ಜನವರಿ ತಿಂಗಳುಗಳು ಚಳಿಗಾಲದವು. ಆಗ ನೀರು ಹೆಚ್ಚು, ಬಿಸಿ ಕಡಿಮೆ. ಫೆಬ್ರವರಿಯ ನಂತರ ಬಿಸಿ ಏರಿ ಮೀನಿನ ಹಸಿವು ಹೆಚ್ಚುವಾಗ ನೀರು ಇಳಿಯತೊಡಗುತ್ತದೆ. ಮೀನಿನ ಕರುಳು ಚುರುಕಾಗಿ ಕೆಲಸ ಮಾಡುವ ದಿನಗಳೂ ಕೆರೆ ತುಂಬಿರುವ ದಿನಗಳೂ ಒಂದನ್ನೊಂದು ಪೂರ್ತಿಯಾಗಿ ಕೂಡುವುದಿಲ್ಲ. ಈ ಸೀಮೆಯ ಮೀನುಸಾಕಣೆಯ ಮೂಲ ಸಮಸ್ಯೆ ಇಲ್ಲಿಯೇ ಇದೆ.

೨. ‘ಅರಗು’ ಎಂಬ ಕ್ರಿಯೆ

ಕನ್ನಡದಲ್ಲಿ ಜೀರ್ಣವಾಗುವುದಕ್ಕೆ ‘ಅರಗು’ ಎಂಬ ಅಚ್ಚಗನ್ನಡ ಕ್ರಿಯಾಪದವಿದೆ. ಗಟ್ಟಿಯಾದುದು ತನ್ನ ರೂಪ ಕಳೆದುಕೊಂಡು ಮೈಗೂಡುವುದೇ ಅರಗುವುದು. ವಿಜ್ಞಾನದ ವಿವರಣೆಯೂ ಇದರಿಂದ ದೂರವಿಲ್ಲ. ಪ್ರೋಟೀನು ಎಂಬುದು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಆ ಸರ ಇಡಿಯಾಗಿ ಕರುಳಿನ ಗೋಡೆಯನ್ನು ದಾಟುವುದು ವಿರಳ. ಅದನ್ನು ತುಂಡುತುಂಡಾಗಿ ಕತ್ತರಿಸಿ, ಕೊನೆಗೆ ಬಿಡಿ ಮಣಿಗಳನ್ನಾಗಿ ಅಥವಾ ಎರಡು ಮೂರು ಮಣಿಗಳ ಚೂರುಗಳನ್ನಾಗಿ ಮಾಡಬೇಕು. ಹೀಗೆ ಕತ್ತರಿಸುವ ಸಾಧನಗಳೇ ಕಿಣ್ವಗಳು.

‘ಕಿಣ್ವ’ ಎಂಬ ಪದಕ್ಕೂ ಹಿನ್ನೆಲೆಯಿದೆ. ಸಂಸ್ಕೃತದಲ್ಲಿ ಅದು ಮದ್ಯ ಹುದುಗಿಸಲು ಬಳಸುವ ಬೀಜದ್ರವ್ಯಕ್ಕೆ ಇದ್ದ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಪ್ರಕರಣದಲ್ಲಿ ಈ ಪದ ಬರುತ್ತದೆ. ಆಧುನಿಕ ಕನ್ನಡ ವಿಜ್ಞಾನ ಸಾಹಿತ್ಯ ಆ ಪದವನ್ನೇ ಎನ್‌ಜೈಮ್ ಎಂಬುದಕ್ಕೆ ಸಮಾನವಾಗಿ ಸ್ವೀಕರಿಸಿತು. ಯುರೋಪಿನಲ್ಲಿಯೂ ಈ ಶಾಸ್ತ್ರ ಹುದುಗು ಮತ್ತು ಜೀರ್ಣಗಳ ಹೋಲಿಕೆಯಿಂದಲೇ ಬೆಳೆಯಿತು. ಥಿಯೋಡರ್ ಶ್ವಾನ್ ೧೮೩೬ರಲ್ಲಿ ಜಠರರಸದಿಂದ ಪೆಪ್ಸಿನ್ನನ್ನು ಗುರುತಿಸಿದನು. ವಿಲ್‌ಹೆಲ್ಮ್ ಕ್ಯೂನೆ ೧೮೭೬ರಲ್ಲಿ ಮೇದೋಜೀರಕ ಗ್ರಂಥಿಯ ಕಿಣ್ವಕ್ಕೆ ಟ್ರಿಪ್ಸಿನ್ ಎಂಬ ಹೆಸರಿತ್ತನು. ಎನ್‌ಜೈಮ್ ಎಂಬ ಪದವೂ ಆತನದೇ. ಜಾನ್ ನಾರ್ತ್ರಾಪ್ ೧೯೩೦ರಲ್ಲಿ ಪೆಪ್ಸಿನ್ನನ್ನು ಹರಳಿನ ರೂಪದಲ್ಲಿ ಪಡೆದು, ಕಿಣ್ವಗಳೂ ಪ್ರೋಟೀನುಗಳೇ ಎಂಬುದನ್ನು ದೃಢಪಡಿಸಿದನು. ಪ್ರೋಟೀನನ್ನು ಕತ್ತರಿಸುವ ಸಾಧನವೂ ಪ್ರೋಟೀನೇ ಆಗಿರುವುದರಿಂದ, ಅದು ತನ್ನನ್ನು ತಯಾರಿಸಿದ ಅಂಗವನ್ನೇ ಕತ್ತರಿಸದಂತೆ ಪ್ರಾಣಿದೇಹ ಒಂದು ಎಚ್ಚರ ವಹಿಸುತ್ತದೆ. ಕಿಣ್ವವನ್ನು ಮೊದಲು ನಿಷ್ಕ್ರಿಯ ರೂಪದಲ್ಲಿ ತಯಾರಿಸಿ, ಬಳಕೆಯ ಸ್ಥಳಕ್ಕೆ ತಲುಪಿದ ಮೇಲೆ ಮಾತ್ರ ಕ್ರಿಯಾಶೀಲಗೊಳಿಸುತ್ತದೆ.

೩. ಜಠರವುಳ್ಳ ಮೀನು: ಕೊರವ

ಕೆರೆ ಬತ್ತಿದ ಮೇಲೂ ಕೆಸರಿನಲ್ಲಿ ಉಳಿಯುವ ಮೀನೆಂದರೆ ಕೊರವ. ತೆಲುಗಿನಲ್ಲಿ ಇದು ಕೊರ್ರಮೀನು. ಪೇಟೆಯಲ್ಲಿ ಮುರ್ರೆಲ್ ಎಂದು ಹೆಸರು. ಕಿವಿರಿನ ಜೊತೆಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವೂ ಇದಕ್ಕಿರುವುದರಿಂದ ಒದ್ದೆ ಕೆಸರು ಇದ್ದರೆ ಬಹುಕಾಲ ಜೀವ ಹಿಡಿದಿರುತ್ತದೆ. ಚೇಳುಮೀನಿಗೂ ಇಂತಹ ಸಾಮರ್ಥ್ಯವಿದೆ.

ಕೊರವ ಬೇಟೆಗಾರ ಮೀನು. ಸಣ್ಣ ಮೀನು, ಕಪ್ಪೆ, ಹುಳುಹುಪ್ಪಟೆಗಳನ್ನು ಇಡಿಯಾಗಿ ನುಂಗುತ್ತದೆ. ಆದ್ದರಿಂದ ಅದಕ್ಕೆ ಹಿಗ್ಗುವ, ಚೀಲದಂತಹ ಜಠರವಿದೆ. ಜಠರದ ಗೋಡೆಯ ಗ್ರಂಥಿಗಳು ಹೈಡ್ರೋಕ್ಲೋರಿಕ್ ಆಮ್ಲವನ್ನೂ ಪೆಪ್ಸಿನೋಜನ್ ಎಂಬ ನಿಷ್ಕ್ರಿಯ ವಸ್ತುವನ್ನೂ ಸ್ರವಿಸುತ್ತವೆ. ಆಮ್ಲದ ಸಂಪರ್ಕದಿಂದ ಪೆಪ್ಸಿನೋಜನ್ ಪೆಪ್ಸಿನ್ ಆಗುತ್ತದೆ. ಆಮ್ಲವು ಬೇಟೆಯ ಅಂಗಾಂಶವನ್ನು ಸಡಿಲಗೊಳಿಸಿ, ಸುರುಳಿಗೊಂಡಿದ್ದ ಪ್ರೋಟೀನನ್ನು ಬಿಡಿಸುತ್ತದೆ. ಪೆಪ್ಸಿನ್ ಅದನ್ನು ದೊಡ್ಡ ತುಂಡುಗಳಾಗಿ ಕತ್ತರಿಸುತ್ತದೆ. ಅಲ್ಲಿಂದ ಮುಂದೆ ಆಹಾರ ಕರುಳನ್ನು ಸೇರುವ ಕಡೆಯಲ್ಲಿ ಕೊರವದ ಮೀನಿಗೆ ಎರಡು ಕುರುಡು ಚೀಲಗಳಿವೆ. ಇವು ಜೀರ್ಣ ಮತ್ತು ಹೀರಿಕೆಯ ಮೇಲ್ಮೈಯನ್ನು ಹೆಚ್ಚಿಸುತ್ತವೆ. ಇದರ ಕರುಳು ಮಾತ್ರ ದೇಹದ ಉದ್ದಕ್ಕಿಂತಲೂ ಕಡಿಮೆ. ಮಾಂಸಾಹಾರದಲ್ಲಿ ಪ್ರೋಟೀನು ಸಾಂದ್ರವಾಗಿರುವುದರಿಂದ ಉದ್ದನೆಯ ಕರುಳು ಅದಕ್ಕೆ ಬೇಕಾಗಿಲ್ಲ.

ಜಠರವಿರುವ ಮೀನಿಗೆ ಒಮ್ಮೆ ಹೊಟ್ಟೆ ತುಂಬ ತಿಂದು ಬಹಳ ಹೊತ್ತು ಸುಮ್ಮನಿರುವ ಅನುಕೂಲವಿದೆ. ಜಠರವು ಆಹಾರವನ್ನು ಕೂಡಿಟ್ಟುಕೊಂಡು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಬರ ಮತ್ತು ಸಮೃದ್ಧಿಗಳು ಸರದಿಯಾಗಿ ಬರುವ ಕೆರೆಯಲ್ಲಿ ಇದು ದೊಡ್ಡ ಅನುಕೂಲವೇ.

೪. ಜಠರವಿಲ್ಲದ ಮೀನು: ಗೆಂಡೆ

ಇಂದು ಈ ಸೀಮೆಯ ಕೆರೆಗಳಿಗೆ ಬಿತ್ತನೆಯಾಗಿ ಬಿಡುವ ಮೀನುಗಳು ಬೇರೆ ಕುಲದವು: ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ ಇತ್ಯಾದಿ. ಮೊದಲ ಮೂರು ಭಾರತದವೇ ಆದರೂ ನಿಂತ ನೀರಿನಲ್ಲಿ ತಾವಾಗಿ ಮರಿಮಾಡುವುದಿಲ್ಲ. ಹೀರಾಲಾಲ್ ಚೌಧುರಿ ಅವರು ೧೯೫೭ರಲ್ಲಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಅವುಗಳಿಂದ ಮೊಟ್ಟೆಯಿಡಿಸುವ ವಿಧಾನವನ್ನು ಯಶಸ್ವಿಗೊಳಿಸಿದ ಮೇಲೆಯೇ ದೂರದ ಬಯಲು ಕೆರೆಗಳಿಗೂ ಇವುಗಳ ಮರಿಗಳು ಹೇರಳವಾಗಿ ಬರುವಂತಾಯಿತು.

ಗೆಂಡೆ ಕುಲದ ಮೀನುಗಳಿಗೆ ಜಠರವೇ ಇಲ್ಲ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಅನ್ನನಾಳವು ನೇರವಾಗಿ ಕರುಳಿಗೆ ತೆರೆದುಕೊಳ್ಳುತ್ತದೆ. ಕರುಳಿನ ಮೊದಲ ಭಾಗ ಸ್ವಲ್ಪ ಉಬ್ಬಿ ಜಠರದಂತೆ ಕಂಡರೂ ಅಲ್ಲಿ ಆಮ್ಲವಿಲ್ಲ, ಪೆಪ್ಸಿನ್ ಇಲ್ಲ. ಜಠರವಿಲ್ಲದ ಮೀನುಗಳಲ್ಲಿ ಆಮ್ಲ ಸ್ರವಿಸುವ ವ್ಯವಸ್ಥೆಯ ಹಾಗೂ ಪೆಪ್ಸಿನೋಜನ್ನಿನ ವಂಶವಾಹಿಗಳೇ ಕಳೆದುಹೋಗಿವೆ ಎಂಬುದನ್ನು ೨೦೧೪ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದು ತೋರಿಸಿತು. ಅಂದರೆ ಗೆಂಡೆಯ ಪೂರ್ವಜರಿಗೆ ಇದ್ದ ಜಠರ ವಿಕಾಸದ ಹಾದಿಯಲ್ಲಿ ಬಿಟ್ಟುಹೋಗಿದೆ.

ಜಠರದ ಕೆಲಸವನ್ನು ಗೆಂಡೆ ಬೇರೆ ಬಗೆಯಲ್ಲಿ ಪೂರೈಸಿಕೊಳ್ಳುತ್ತದೆ. ದವಡೆಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲಲ್ಲಿ ಹಲ್ಲುಗಳಿದ್ದು, ಆಹಾರವನ್ನು ಅರೆದು ಒಳಕ್ಕೆ ಕಳಿಸುತ್ತವೆ. ಮುಂದಿನದೆಲ್ಲ ಮೇದೋಜೀರಕ ಅಂಗಾಂಶದ ಹೊಣೆ. ಅದು ಮನುಷ್ಯರಲ್ಲಿರುವಂತೆ ಒಂದೇ ಗ್ರಂಥಿಯಾಗಿರದೆ, ಯಕೃತ್ತಿನ ಒಳಗೆ ಮತ್ತು ಕರುಳಿನ ಸುತ್ತಲಿನ ಕೊಬ್ಬಿನಲ್ಲಿ ಹರಡಿಕೊಂಡಿರುತ್ತದೆ. ಅಲ್ಲಿಂದ ಟ್ರಿಪ್ಸಿನೋಜನ್ ಮುಂತಾದ ನಿಷ್ಕ್ರಿಯ ರೂಪಗಳು ಕರುಳಿಗೆ ಬರುತ್ತವೆ. ಕರುಳಿನ ಗೋಡೆಯಲ್ಲಿರುವ ಎಂಟರೋಕೈನೇಸ್ ಎಂಬ ಕಿಣ್ವ ಟ್ರಿಪ್ಸಿನೋಜನ್ನನ್ನು ಟ್ರಿಪ್ಸಿನ್ ಆಗಿ ಮಾರ್ಪಡಿಸುತ್ತದೆ. ಒಮ್ಮೆ ಹುಟ್ಟಿದ ಟ್ರಿಪ್ಸಿನ್ ಉಳಿದವನ್ನೂ ಎಬ್ಬಿಸುತ್ತದೆ: ಕೈಮೋಟ್ರಿಪ್ಸಿನ್, ಎಲಾಸ್ಟೇಸ್, ಕಾರ್ಬಾಕ್ಸಿಪೆಪ್ಟಿಡೇಸ್. ಮೊದಲ ಮೂರು ಕಿಣ್ವಗಳು ಪ್ರೋಟೀನಿನ ಸರವನ್ನು ನಡುವೆ ಕತ್ತರಿಸುತ್ತವೆ. ಕೊನೆಯದು ತುದಿಯಿಂದ ಒಂದೊಂದೇ ಮಣಿಯನ್ನು ಕಳಚುತ್ತದೆ. ಉಳಿದ ಚೂರುಗಳನ್ನು ಕರುಳಿನ ಒಳಪೊರೆಗೆ ಅಂಟಿಕೊಂಡಿರುವ ಅಮೈನೋಪೆಪ್ಟಿಡೇಸ್‌ಗಳು ಮುಗಿಸುತ್ತವೆ. ಇವೆಲ್ಲವೂ ಕೆಲಸ ಮಾಡುವುದು ತಟಸ್ಥ ಅಥವಾ ತುಸು ಕ್ಷಾರೀಯ ಪರಿಸರದಲ್ಲಿ. ಕೊರವದ ಜಠರ ಹುಳಿ, ಗೆಂಡೆಯ ಕರುಳು ಹುಳಿಯಿಲ್ಲದ್ದು ಎಂದು ಇದನ್ನು ಸರಳವಾಗಿ ಹೇಳಬಹುದು.

ಕರುಳಿನ ಉದ್ದವೂ ಆಹಾರಕ್ಕೆ ತಕ್ಕಂತಿದೆ. ಕೆರೆಯ ಮೇಲ್ಪದರದಲ್ಲಿ ಸೂಕ್ಷ್ಮಪ್ರಾಣಿಗಳನ್ನು ಸೋಸಿ ತಿನ್ನುವ ಕಾಟ್ಲಾದ ಕರುಳಿಗಿಂತ, ಸಸ್ಯಾಂಶವನ್ನು ಹೆಚ್ಚು ತಿನ್ನುವ ರೋಹುವಿನ ಕರುಳು ಬಲು ಉದ್ದ. ಬೆಳೆದ ರೋಹುವಿನಲ್ಲಿ ಅದು ದೇಹದ ಹತ್ತು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಜಠರದ ಕಣಜವಿಲ್ಲದ ಕಾರಣ ಗೆಂಡೆಗಳು ಒಮ್ಮೆಗೇ ಹೆಚ್ಚು ತಿಂದು ಕೂಡಿಡಲಾರವು. ಸ್ವಲ್ಪಸ್ವಲ್ಪವಾಗಿ, ಪದೇಪದೇ ತಿನ್ನುವುದು ಅವುಗಳ ಸ್ವಭಾವ. ಆಂಧ್ರದ ಮೀನುಕೊಳಗಳಲ್ಲಿ ತೌಡು ಮತ್ತು ಹಿಂಡಿಗಳನ್ನು ರಂಧ್ರ ಮಾಡಿದ ಚೀಲಗಳಲ್ಲಿ ತುಂಬಿ, ಕಂಬಗಳಿಗೆ ಕಟ್ಟಿ ನೀರಿನಲ್ಲಿ ಇಳಿಬಿಡುವ ಪದ್ಧತಿ ಈ ಸ್ವಭಾವಕ್ಕೆ ಹೊಂದಿದ್ದು. ಮೀನು ಬಂದಾಗಲೆಲ್ಲ ಚೀಲಕ್ಕೆ ಬಾಯಿಟ್ಟು ಒಂದಿಷ್ಟು ಎಳೆದು ತಿನ್ನುತ್ತದೆ. ಒಂದೇ ಸಲಕ್ಕೆ ಬುಟ್ಟಿಗಟ್ಟಲೆ ಸುರಿದ ಹಿಂಡಿ ತಳ ಸೇರಿ ಕೊಳೆಯುತ್ತದೆ.

೫. ಒಂದೇ ಹಿಂಡಿ, ಎರಡು ಹೊಟ್ಟೆ

ಚಳ್ಳಕೆರೆಗೆ ಎಣ್ಣೆನಗರವೆಂಬ ಹೆಸರು ಬಂದದ್ದು ಶೇಂಗಾ ಎಣ್ಣೆಯ ಗಿರಣಿಗಳಿಂದ. ಗಿರಣಿಗಳ ಸಂಖ್ಯೆ ಹಿಂದಿಗಿಂತ ಕುಗ್ಗಿದ್ದರೂ ಪಟ್ಟಣದ ಗುರುತು ಅದೇ ಆಗಿದೆ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಶೇಕಡ ೪೦ರಿಂದ ೪೫ರಷ್ಟು ಪ್ರೋಟೀನು ಇರುತ್ತದೆ. ಈ ಹಿಂಡಿ ಎತ್ತಿಗೂ ಮೇವು, ಮೀನಿಗೂ ಮೇವು. ಆದರೆ ಎರಡರ ಹೊಟ್ಟೆಯಲ್ಲಿ ಅದಕ್ಕೆ ಒದಗುವ ಗತಿ ಬೇರೆ.

ಎತ್ತಿನ ಹೊಟ್ಟೆಯ ಮೊದಲ ಅರೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವು ಹುಲ್ಲನ್ನು ಹುದುಗಿಸಿ, ಅದರಲ್ಲಿನ ಅಲ್ಪ ಸಾರಜನಕದಿಂದಲೇ ತಮ್ಮ ಮೈಯ ಪ್ರೋಟೀನನ್ನು ಕಟ್ಟಿಕೊಳ್ಳುತ್ತವೆ. ಎತ್ತು ಕೊನೆಗೆ ಅರಗಿಸಿಕೊಳ್ಳುವುದು ಬಹುಮಟ್ಟಿಗೆ ಆ ಸೂಕ್ಷ್ಮಜೀವಿಗಳನ್ನೇ. ಕಾವಲುಗಳ ಒಣಹುಲ್ಲಿನ ಮೇಲೆ ದೇವರ ಎತ್ತುಗಳ ಮಂದೆಗಳು, ಅಮೃತಮಹಲ್ ತಳಿಯ ರಾಸುಗಳು ಬದುಕಿ ಬಂದದ್ದರ ಗುಟ್ಟು ಇದು. ಮೀನಿಗೆ ಅಂತಹ ಅರೆಯಿಲ್ಲ. ಅದಕ್ಕೆ ಬೇಕಾದ ಹತ್ತು ಅತ್ಯಗತ್ಯ ಅಮೈನೋ ಆಮ್ಲಗಳು ಸಿದ್ಧರೂಪದಲ್ಲಿಯೇ ಆಹಾರದ ಮೂಲಕ ಬರಬೇಕು. ಎತ್ತು ಹುಲ್ಲಿನ ಮೇಲೆ ಬರಗಾಲ ಕಳೆಯಬಹುದು. ಮೀನು ಹಾಗೆ ಬೆಳೆಯಲಾರದು.

ಮೀನುಸಾಕಣೆಯಲ್ಲಿ ರೂಢಿಯಾಗಿರುವುದು ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡಿನ ಸಮಪಾಲಿನ ಮಿಶ್ರಣ. ತೌಡಿನ ಪ್ರೋಟೀನು ಶೇಕಡ ೧೨ರ ಸುಮಾರು. ಎರಡನ್ನೂ ಸಮವಾಗಿ ಬೆರೆಸಿದರೆ ಸರಾಸರಿ ಶೇಕಡ ೨೭ರಷ್ಟಾಗುತ್ತದೆ. ಬೆಳೆಯುವ ಗೆಂಡೆಗೆ ಬೇಕಾದದ್ದು ಶೇಕಡ ೩೦ರಿಂದ ೩೫. ಈ ಕೊರತೆಯನ್ನು ತುಂಬುವುದು ಕೆರೆಯಲ್ಲಿಯೇ ಹುಟ್ಟುವ ಸೂಕ್ಷ್ಮಪ್ರಾಣಿಗಳು ಮತ್ತು ಪಾಚಿ. ಕೆರೆಯಂಗಳಕ್ಕೆ ಬಿದ್ದ ದನದ ಸಗಣಿ, ಕುರಿಹಿಕ್ಕೆಗಳು ನೀರಿನಲ್ಲಿ ಕರಗಿ ಈ ಜೀವಿಗಳನ್ನು ಹೆಚ್ಚಿಸುತ್ತವೆ. ಹೀಗೆ ಪಶುಪಾಲನೆಯ ಸೀಮೆಯ ಗೊಬ್ಬರ ಪರೋಕ್ಷವಾಗಿ ಮೀನಿನ ಪ್ರೋಟೀನೂ ಆಗುತ್ತದೆ.

ಹಿಂಡಿಯ ಗುಣವೂ ಗಮನಿಸಬೇಕಾದ ವಿಷಯ. ದ್ವಿದಳ ಬೀಜಗಳಲ್ಲಿ ಟ್ರಿಪ್ಸಿನ್ನಿಗೆ ಅಂಟಿಕೊಂಡು ಅದನ್ನು ನಿಷ್ಫಲಗೊಳಿಸುವ ಪದಾರ್ಥಗಳಿವೆ. ಹುರುಳಿ, ಸೋಯಾಗಳಲ್ಲಿ ಇವು ಹೆಚ್ಚು. ಶೇಂಗಾದಲ್ಲಿ ಸೋಯಾಗಿಂತ ಕಡಿಮೆ. ಬಯಲುಸೀಮೆಯ ಗೃಹಿಣಿಯರು ಹುರುಳಿಯನ್ನು ನೆನೆಸಿ, ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ ಬಸ್ಸಾರು ಮಾಡುವ ಕ್ರಮದಲ್ಲಿ ಈ ತಡೆಕಾರಕಗಳು ಕುಗ್ಗುತ್ತವೆ. ಪೆಪ್ಸಿನ್ನಿನ ನೆರವಿಲ್ಲದ ಗೆಂಡೆಗೆ ಟ್ರಿಪ್ಸಿನ್ನೇ ಮುಖ್ಯ ಆಧಾರವಾದುದರಿಂದ ಅದರ ಆಹಾರದಲ್ಲಿಯೂ ಬೇಯಿಸಿದ ಅಥವಾ ಬಿಸಿ ಕಂಡ ಬೀಜವೇ ಲೇಸು. ಎಣ್ಣೆ ತೆಗೆಯುವಾಗಿನ ಬಿಸಿ ಈ ಕೆಲಸವನ್ನು ಭಾಗಶಃ ಮಾಡುತ್ತದೆ. ಬಿಸಿ ಅತಿಯಾದರೆ ಮಾತ್ರ ಲೈಸಿನ್ ಎಂಬ ಅಮೈನೋ ಆಮ್ಲ ಸಕ್ಕರೆಯೊಡನೆ ಬೆಸೆದುಕೊಂಡು ಕಿಣ್ವಗಳಿಗೆ ಸಿಗದಂತಾಗುತ್ತದೆ. ಶೇಂಗಾದಲ್ಲಿ ಲೈಸಿನ್, ಮೆಥಿಯೋನಿನ್‌ಗಳು ಮೊದಲೇ ಕಡಿಮೆ. ತೇವದಲ್ಲಿಟ್ಟ ಹಿಂಡಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಿ ಯಕೃತ್ತಿಗೆ ಹಾನಿ ಮಾಡುತ್ತದೆ. ಗೆಂಡೆಯಲ್ಲಿ ಮೇದೋಜೀರಕ ಅಂಗಾಂಶವೂ ಯಕೃತ್ತಿನಲ್ಲಿ ಬೆರೆತಿರುವುದರಿಂದ ಈ ಎಚ್ಚರಿಕೆಗೆ ಇನ್ನೂ ಹೆಚ್ಚಿನ ಅರ್ಥವಿ​ದೆ.

ತಿಂದ ಪ್ರೋಟೀನೆಲ್ಲ ಮಾಂಸವಾಗುವುದಿಲ್ಲ. ಸ್ಥೂಲವಾಗಿ ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಮೈಗೂಡುತ್ತದೆ. ಉಳಿದುದರ ಸಾರಜನಕ ಮುಖ್ಯವಾಗಿ ಅಮೋನಿಯಾ ರೂಪದಲ್ಲಿ ಕಿವಿರಿನ ಮೂಲಕ ನೀರು ಸೇರುತ್ತದೆ. ಆಹಾರ ಅರಗಿಸುವಾಗ ಮೀನಿಗೆ ಆಮ್ಲಜನಕವೂ ಹೆಚ್ಚು ಬೇಕು. ಬೇಸಿಗೆಯಲ್ಲಿ ಇಳಿದ, ಕಾದ ನೀರಿನಲ್ಲಿ ಅಮೋನಿಯಾ ಸಾಂದ್ರವಾಗುತ್ತದೆ, ಆಮ್ಲಜನಕ ಕಡಿಮೆಯಾಗುತ್ತದೆ. ಮುಂಜಾವದಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುವುದು ಇದರ ಲಕ್ಷಣ. ಅಂತಹ ದಿನ ಹಿಂಡಿ ಹಾಕುವುದು ಮೀನನ್ನು ಬದುಕಿಸುವ ಬದಲು ಕೊಲ್ಲುವ ಕೆಲಸವಾದೀತು.

ಹಿಂಡಿಯಿಂದಲೇ ಮೀನನ್ನು ಕೊಲ್ಲುವ ಪದ್ಧತಿಯೂ ಇದೆ ಎಂಬುದು ಇಲ್ಲಿ ಉಲ್ಲೇಖನೀಯ. ಮರಿ ಬಿಡುವ ಮುನ್ನ ಕೊಳದಲ್ಲಿರುವ ಕೊರವ ಮುಂತಾದ ಬೇಟೆಗಾರ ಮೀನುಗಳನ್ನು ತೆಗೆಯಲು ಹಿಪ್ಪೆ ಹಿಂಡಿ ಬಳಸುವುದುಂಟು. ಅದರಲ್ಲಿನ ಸಪೋನಿನ್ ಮೀನಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಶೇಂಗಾ ಹಿಂಡಿ ಸಾಕುವುದು, ಹಿಪ್ಪೆ ಹಿಂಡಿ ಕೊಲ್ಲುವುದು: ಎರಡೂ ಗಾಣದ ಶೇಷಗಳೇ.

೬. ರೇಷ್ಮೆಯ ಹುಳು, ರೇಷ್ಮೆಯ ಕಿಣ್ವ

ಮೊಳಕಾಲ್ಮೂರಿನ ಹೆಸರು ರೇಷ್ಮೆ ಸೀರೆಯಿಂದ ಪ್ರಸಿದ್ಧ. ಈ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಮೀನಿನ ಜೀರ್ಣಕ್ರಿಯೆಗೂ ರೇಷ್ಮೆಗೂ ಎರಡು ದಿಕ್ಕಿನಿಂದ ಸಂಬಂಧವಿದೆ.

ಮೊದಲನೆಯದು ಆಹಾರದ ಸಂಬಂಧ. ರೇಷ್ಮೆಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗಿನ ಹುಳು ಉಳಿಯುತ್ತದೆ. ನೇಯ್ಗೆಯ ಊರಿಗೆ ಬರುವುದು ನೂಲು ಮಾತ್ರ. ಹುಳು ಬಿಚ್ಚಾಣಿಕೆಯ ಊರುಗಳಲ್ಲಿಯೇ ಉಳಿದು ಒಣಗಿಸಲ್ಪಡುತ್ತದೆ. ಒಣಹುಳುವಿನಲ್ಲಿ ತೂಕದ ಅರ್ಧದಷ್ಟು ಪ್ರೋಟೀನು, ಕಾಲು ಭಾಗಕ್ಕೂ ಮಿಗಿಲಾಗಿ ಕೊಬ್ಬು ಇರುತ್ತವೆ. ೧೯೬೯ರಲ್ಲಿ ಸ್ಥಾಪಿತವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ಸಂಶೋಧಕರು, ಕೊಬ್ಬು ತೆಗೆಯದ ರೇಷ್ಮೆಹುಳುವನ್ನು ಸಾಮಾನ್ಯ ಗೆಂಡೆಯ ಆಹಾರದಲ್ಲಿ ಬಳಸಿ ನಡೆಸಿದ ಅಧ್ಯಯನವನ್ನು ೧೯೯೦ರಲ್ಲಿ ಪ್ರಕಟಿಸಿದರು. ದುಬಾರಿಯಾದ ಮೀನುಪುಡಿಗೆ ಈ ಹುಳು ಪರ್ಯಾಯವಾಗಬಲ್ಲದೆಂಬ ವಿಚಾರಕ್ಕೆ ಇಂತಹ ಅಧ್ಯಯನಗಳು ಬಲ ನೀಡಿದವು. ಶೇಂಗಾ ಹಿಂಡಿಯಲ್ಲಿ ಕಡಿಮೆಯಿರುವ ಲೈಸಿನ್, ಮೆಥಿಯೋನಿನ್‌ಗಳು ರೇಷ್ಮೆಹುಳುವಿನಲ್ಲಿ ಉತ್ತಮ ಪ್ರಮಾಣದಲ್ಲಿವೆ. ಆದ್ದರಿಂದ ಎರಡೂ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಎರಡನೆಯದು ಕಿಣ್ವದ ಸಂಬಂಧ. ರೇಷ್ಮೆ ಎಳೆಯೂ ಪ್ರೋಟೀನೇ. ಒಳಗಿನ ಗಟ್ಟಿ ಎಳೆ ಫೈಬ್ರೋಯಿನ್, ಅದನ್ನು ಅಂಟಿಸುವ ಗೋಂದು ಸೆರಿಸಿನ್. ಚಿಟ್ಟೆ ಗೂಡಿನಿಂದ ಹೊರಬರುವಾಗ ತನ್ನ ಬಾಯಿಯಿಂದ ಕೊಕೂನೇಸ್ ಎಂಬ ಕಿಣ್ವವನ್ನು ಸ್ರವಿಸಿ, ಸೆರಿಸಿನ್ನನ್ನು ಕರಗಿಸಿ, ಎಳೆಗಳನ್ನು ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಕಫಾಟೋಸ್ ಮತ್ತು ವಿಲಿಯಮ್ಸ್ ಎಂಬ ವಿಜ್ಞಾನಿಗಳು ೧೯೬೦ರ ದಶಕದಲ್ಲಿ ವಿವರಿಸಿದ ಈ ಕಿಣ್ವ ಟ್ರಿಪ್ಸಿನ್ನಿನ ಬಗೆಯದೇ. ಗೆಂಡೆಯ ಕರುಳಿನಲ್ಲಿ ಹಿಂಡಿಯನ್ನು ಒಡೆಯುವ ಸಾಧನದ ಹತ್ತಿರದ ಬಂಧು ಗೂಡಿನ ಬಾಗಿಲನ್ನೂ ತೆರೆಯುತ್ತದೆ. ಚಿಟ್ಟೆ ಹೊರಬಂದ ಗೂಡಿನಿಂದ ಅಖಂಡ ಎಳೆ ಬಿಚ್ಚಲು ಬಾರದೆಂಬ ಕಾರಣಕ್ಕಾಗಿಯೇ, ಆ ಕಿಣ್ವ ಕೆಲಸ ಮಾಡುವ ಮುನ್ನ ಹುಳುವನ್ನು ಬಿಸಿಯಿಂದ ಕೊಲ್ಲಲಾಗುತ್ತದೆ.

೭. ಗಾಳ ಬಲ್ಲ ಕರುಳು

ಜನಪದರು ಪೆಪ್ಸಿನ್, ಟ್ರಿಪ್ಸಿನ್‌ಗಳನ್ನು ಹೆಸರಿಸಿರಲಿಲ್ಲ. ಆದರೆ ಯಾವ ಮೀನು ಏನನ್ನು ತಿನ್ನುತ್ತದೆ ಎಂಬುದನ್ನು ಅರಿತಿದ್ದರು. ಗಾಳಕ್ಕೆ ಸಿಕ್ಕಿಸುವ ಇರೆಯಲ್ಲಿ ಈ ಅರಿವು ಮೂರ್ತವಾಗಿದೆ. ಗೆಂಡೆಗೆ ಹಿಟ್ಟಿನ ಉಂಡೆ, ಚೇಳುಮೀನಿಗೆ ಎರೆಹುಳು, ಕೊರವನಿಗೆ ಜೀವಂತ ಸಣ್ಣಮೀನು ಅಥವಾ ಕಪ್ಪೆಮರಿ ಎಂಬ ವಿಂಗಡಣೆ ಮೀನಿನ ಬಾಯಿ ಮತ್ತು ಕರುಳುಗಳ ರಚನೆಗೆ ನಿಕಟವಾಗಿ ಹೊಂದುತ್ತದೆ.

ಈ ಅರಿವಿಗೆ ಕನ್ನಡ ನಾಡಿನಲ್ಲಿ ಬರವಣಿಗೆಯ ದಾಖಲೆಯೂ ಇದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಇಂದಿನ ಚಿತ್ರದುರ್ಗ ಪ್ರದೇಶ ಆಗ ನೊಳಂಬವಾಡಿಯ ಭಾಗವಾಗಿ ಚಾಲುಕ್ಯರ ಅಧೀನದಲ್ಲಿತ್ತು. ಸೋಮೇಶ್ವರನು ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿ, ಅವುಗಳ ನೆಲೆ, ಪೊರೆ ಮತ್ತು ಗಾತ್ರಗಳ ಆಧಾರದಿಂದ ವಿಂಗಡಿಸಿ, ಅವುಗಳಿಗೆ ಹಾಕಬೇಕಾದ ಆಹಾರವನ್ನು ಬೇರೆಬೇರೆಯಾಗಿ ನಿರ್ದೇಶಿಸುತ್ತಾನೆ. ಕೆಲವಕ್ಕೆ ಹಿಟ್ಟು, ಹಿಂಡಿಗಳ ಉಂಡೆ, ಕೆಲವಕ್ಕೆ ಮಾಂಸ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೦ರ ದಶಕದ ಆರಂಭದಲ್ಲಿ ಈ ಭಾಗವನ್ನು ಆಧುನಿಕ ಪ್ರಾಣಿಶಾಸ್ತ್ರದ ಬೆಳಕಿನಲ್ಲಿ ಪರಿಶೀಲಿಸಿ ವಿದ್ವಾಂಸರ ಗಮನಕ್ಕೆ ತಂದರು. ಅರಸನ ವಿನೋದವಾಗಿ ದಾಖಲಾದ ಈ ತಿಳಿವಳಿಕೆ ಮೂಲದಲ್ಲಿ ಮೀನು ಹಿಡಿಯುವವರದೇ ಆಗಿರಬೇಕು. ಗಾಳ, ದಾರ, ಇರೆಗಳ ಇಷ್ಟು ಸೂಕ್ಷ್ಮ ವಿವರ ನೀರಿನೊಡನೆ ನಿತ್ಯ ಬಾಳಿದವರಿಂದ ಮಾತ್ರ ಬರಬಲ್ಲದು.

೮. ಸತ್ತ ಮೇಲಿನ ಅರಗು

ಮೀನು ಸತ್ತರೂ ಅದರ ಕಿಣ್ವಗಳು ಸಾಯುವುದಿಲ್ಲ. ಬದುಕಿದ್ದಾಗ ಕರುಳಿನ ಗೋಡೆಯನ್ನು ಕಾಯುತ್ತಿದ್ದ ರಕ್ಷಣೆ ನಿಂತುಹೋಗಿ, ಟ್ರಿಪ್ಸಿನ್ ಮುಂತಾದವು ಕರುಳನ್ನೇ ಒಡೆದು ಹೊಟ್ಟೆಯ ಮಾಂಸಕ್ಕೆ ಹಬ್ಬುತ್ತವೆ. ಹೊಟ್ಟೆ ಮೆತ್ತಗಾಗಿ ಕೊನೆಗೆ ಬಿರಿಯುತ್ತದೆ. ಹೊಟ್ಟೆ ತುಂಬ ತಿಂದ ಮೀನಿನಲ್ಲಿ ಇದು ಇನ್ನೂ ಬೇಗ. ಮೀನು ತಂದ ಕೂಡಲೇ ಕರುಳು ತೆಗೆಯಬೇಕೆಂಬ ಅಡುಗೆಮನೆಯ ನಿಯಮದ ಹಿಂದಿನ ಕಾರಣ ಇದು. ಬಯಲುಸೀಮೆಯ ಸಂತೆಗಳಿಗೆ ಕರಾವಳಿಯಿಂದ ಬರುವ ಒಣಮೀನಿನಲ್ಲಿಯೂ ಇದೇ ತತ್ವವಿದೆ. ದೊಡ್ಡ ಮೀನನ್ನು ಸೀಳಿ ಕರುಳು ತೆಗೆಯುವುದರಿಂದ ಕಿಣ್ವದ ಮೂಲ ಹೋಗುತ್ತದೆ; ಉಪ್ಪು ಮತ್ತು ಬಿಸಿಲು ನೀರನ್ನು ಹೀರಿ, ಉಳಿದ ಕಿಣ್ವಗಳನ್ನೂ ಸೂಕ್ಷ್ಮಜೀವಿಗಳನ್ನೂ ತಡೆಯುತ್ತವೆ.

ಕರುಳಿನೊಡನೆ ಪಿತ್ತದ ಚೀಲವನ್ನು ಒಡೆಯದಂತೆ ತೆಗೆಯುವುದು ಮೀನು ಕೊಯ್ಯುವವರ ಕೈಚಳಕ. ಒಡೆದರೆ ಮಾಂಸವೆಲ್ಲ ಕಹಿ. ಪಿತ್ತರಸ ಮೀನಿನ ದೇಹದಲ್ಲಿ ಕೊಬ್ಬನ್ನು ಕಣಗಳಾಗಿ ಚದುರಿಸಿ ಜೀರ್ಣಕ್ಕೆ ಒದಗಿಸುವ ದ್ರವ. ಏಷ್ಯಾದ ಹಲವೆಡೆ ಗೆಂಡೆಯ ಪಿತ್ತಕೋಶವನ್ನು ಹಸಿಯಾಗಿ ನುಂಗುವ ನಾಟಿ ಔಷಧ ಪದ್ಧತಿಯಿದೆ. ಗೆಂಡೆ ಕುಲದ ಪಿತ್ತರಸದಲ್ಲಿರುವ ಸೈಪ್ರಿನಾಲ್ ಬಗೆಯ ಪದಾರ್ಥಗಳು ಮೂತ್ರಪಿಂಡ ಮತ್ತು ಯಕೃತ್ತಿಗೆ ತೀವ್ರ ಹಾನಿ ಮಾಡುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಭಾರತದಲ್ಲಿಯೂ ರೋಹುವಿನ ಪಿತ್ತಕೋಶ ನುಂಗಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಜನಪದ ವೈದ್ಯದ ದಾಖಲೆ ಮಾಡುವವರು ಇಂತಹ ಪದ್ಧತಿಯನ್ನು ಎದುರುಗೊಂಡಾಗ ಅದರ ಅಪಾಯವನ್ನೂ ಜೊತೆಯಲ್ಲಿಯೇ ದಾಖಲಿಸುವುದು ಅವಶ್ಯ. ಕಹಿಯೆಂದು ಎಸೆಯುವ ಅಡುಗೆಮನೆಯ ತಿಳಿವಳಿಕೆ ಇಲ್ಲಿ ಔಷಧವೆಂದು ನುಂಗುವ ನಂಬಿಕೆಗಿಂತ ಸುರಕ್ಷಿತ.

೯. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಕೆರೆಗಳಲ್ಲಿ ಎರಡು ಬಗೆಯ ಜೀರ್ಣವ್ಯವಸ್ಥೆಗಳು ಎದುರುಬದುರಾಗಿವೆ. ಜಠರವುಳ್ಳ ಕೊರವ, ಚೇಳುಮೀನುಗಳು ಬರವನ್ನು ಕೆಸರಿನಲ್ಲಿ ಕಳೆಯುವ, ಸಿಕ್ಕಾಗ ತಿಂದು ಸಿಗದಾಗ ತಾಳುವ ಮೀನುಗಳು. ಜಠರವಿಲ್ಲದ ಗೆಂಡೆಗಳು ಹೊರಗಿನಿಂದ ಬಂದು, ಸಿದ್ಧ ಪ್ರೋಟೀನನ್ನು ಸ್ವಲ್ಪಸ್ವಲ್ಪವಾಗಿ ನಿರಂತರ ಪಡೆದು, ಕೆರೆ ಬತ್ತುವುದರೊಳಗೆ ಬೆಳೆಯಬೇಕಾದ ಮೀನುಗಳು. ಮೊದಲನೆಯವು ಮಳೆಯ ಲಯಕ್ಕೆ ಹೊಂದಿಕೊಂಡಿವೆ. ಎರಡನೆಯವು ಹಿಂಡಿಯ ಬೆಲೆ, ನೀರಿನ ಬಿಸಿ, ಹರಾಜಿನ ಅವಧಿಗಳ ಲಯಕ್ಕೆ ಸಿಕ್ಕಿವೆ.

ಹಾಗಾಗಿ ಇಲ್ಲಿ ಮೀನು ಸಾಕುವವರಿಗೆ ಕಿಣ್ವದ ತಿಳಿವಳಿಕೆ ಪ್ರಯೋಗಾಲಯದ ವಿಷಯವಾಗಿ ಉಳಿಯುವುದಿಲ್ಲ. ಬೆರಳುದ್ದಕ್ಕೆ ಬೆಳೆದ ಮರಿಯನ್ನೇ ಬಿಟ್ಟು ಕಾಲ ಉಳಿಸುವುದು, ಬೂಷ್ಟಿಲ್ಲದ ಹಿಂಡಿಯನ್ನು ದಿನಕ್ಕೆ ಹಲವು ಸಲ ಹಂಚಿ ಹಾಕುವುದು, ಚಳಿಯಲ್ಲಿ ಮೇವಿನ ಪ್ರಮಾಣ ಇಳಿಸುವುದು, ಬೇಸಿಗೆಯ ಕಡೆಯಲ್ಲಿ ಇಳಿದ ನೀರಿಗೆ ಮೇವು ಸುರಿಯದೆ ಮೀನನ್ನು ಹಿಡಿಯುವುದು, ಇವೆಲ್ಲ ಗೆಂಡೆಯ ಕರುಳು ಕೇಳುವ ಕ್ರಮಗಳು.

ಜಾನಪದ ಅಧ್ಯಯನಕ್ಕೂ ಇಲ್ಲಿ ಕೆಲಸವಿದೆ. ಕೆಸರುಮೀನುಗಳ ಕನ್ನಡ–ತೆಲುಗು ಹೆಸರುಗಳು, ಇರೆಯ ಬಗೆಗಳು, ಕೆರೆ ಬತ್ತುವ ಕಾಲದ ಮೀನು ಹಿಡಿಯುವ ವಿಧಾನಗಳು, ಮೀನು ಕೊಯ್ಯುವ ಕ್ರಮದ ಪದಗಳು ಇವನ್ನು ಊರೂರಿನಲ್ಲಿ ಸಂಗ್ರಹಿಸಬೇಕಾಗಿದೆ. ಹಿಂಡಿಯ ಮೇಲೆ ಬೆಳೆಯುವ ಗೆಂಡೆ ಪೇಟೆಯ ಮೀನಾಗಿ ನೆಲೆಗೊಳ್ಳುತ್ತಿರುವಂತೆ ಕೊರವ, ಚೇಳುಮೀನುಗಳ ಸುತ್ತಲಿನ ಮಾತು ಮತ್ತು ಅರಿವು ತೆಳುವಾಗುತ್ತ ಹೋಗುವುದು ಸಹಜ. ದೇವರ ಎತ್ತಿನ ಬಗ್ಗೆ ಸಂಶೋಧನೆ ತೋರಿದ ಶ್ರದ್ಧೆಯಲ್ಲಿ ಒಂದು ಪಾಲು ಕೆರೆಯ ಮೀನಿನ ಕಡೆಗೂ ತಿರುಗಿದರೆ, ಈ ಒಣಸೀಮೆಯ ಜನ ನೀರಿನೊಡನೆ ನಡೆಸಿದ ಬಾಳಿನ ಚಿತ್ರ ಇನ್ನಷ್ಟು ಪೂರ್ಣವಾದೀತು.